ಅಚ್ಚಿನ ಪಾಠಕ್ಕೆ ಯಂತ್ರ ಬೇಕಿಲ್ಲ

ಗೌರಿ ಹುಣ್ಣಿಮೆ ಹತ್ತಿರ ಬಂದರೆ ತಾಳಿಕೋಟೆ ಸೀಮೆಯಲ್ಲಿ ಸಕ್ಕರೆ ಆರತಿಯ ಕಟ್ಟಿಗೆ ಅಚ್ಚುಗಳು ಹೊರಬೀಳುತ್ತವೆ. ಎರಡು ಹೋಳು ಜೋಡಿಸಿ, ಬಿಗಿದು, ಪಾಕ ಹೊಯ್ದು, ಆರಿದ ಮೇಲೆ ಬಿಚ್ಚಿದರೆ ಆನೆ, ನವಿಲು, ತೇರು. ಅಚ್ಚಿನಲ್ಲಿ ತಗ್ಗಾಗಿದ್ದದ್ದು ಇಲ್ಲಿ ಉಬ್ಬಿದೆ, ಎಡಕ್ಕಿದ್ದದ್ದು ಬಲಕ್ಕೆ ಬಂದಿದೆ; ಅದೇ ಅಚ್ಚಿನಿಂದ ಇನ್ನೊಂದು, ಮತ್ತೊಂದು ತೆಗೆಯಬಹುದು. ಮುದ್ರಣ ಕಲೆಯ ತಿರುಳೆಲ್ಲ ಇಷ್ಟೇ. ಈ ಭಾಗದ ಮಕ್ಕಳು ಅದನ್ನು ಹಬ್ಬದಲ್ಲೇ ಕಂಡಿರುತ್ತಾರೆ. ಶಾಲೆಯ ಚಿತ್ರಕಲೆ ಮಾತ್ರ ಬಹುಮಟ್ಟಿಗೆ ಹಲಗೆಯ ಮೇಲಿನದನ್ನು ನೋಡಿ ಬರೆಯುವುದರಲ್ಲೇ ಮುಗಿಯುತ್ತದೆ. ಪ್ರಾಥಮಿಕ ತರಗತಿಗಳಿಗೆ ಅಚ್ಚುಚಿತ್ರ ಬರಲೇಬೇಕು ಎಂದು ನಾನು ಹೇಳುವುದು, ಕೈ ಆಡಿಸುವ ಮೊದಲು ಯೋಚಿಸುವುದನ್ನು ಅದರಷ್ಟು ಚೆನ್ನಾಗಿ ಕಲಿಸುವ ಚಟುವಟಿಕೆ ಕಡಿಮೆ ಎಂಬ ಕಾರಣಕ್ಕೆ.

ಹಳೆಯ ನೋಟುಬುಕ್ಕಿನ ರಟ್ಟಿನ ಮೇಲೆ ಹುರಿಯನ್ನು ಅಂಟಿನಿಂದ ಕೂಡಿಸಿ ಎತ್ತಿನ ಆಕಾರ ಮಾಡಿ, ಒಣಗಿಸಿ, ಸ್ಪಂಜಿನಿಂದ ತೆಳ್ಳಗೆ ಬಣ್ಣ ಒತ್ತಿ, ಕಾಗದ ಹಾಸಿ, ಚಮಚದ ಬೆನ್ನಿನಿಂದ ಉಜ್ಜಿದರೆ ಚಿತ್ರ ಮೂಡುತ್ತದೆ. ಬಣ್ಣ ಹೆಚ್ಚಾದರೆ ಹುರಿಯ ಎಳೆಗಳು ಮುಚ್ಚಿಹೋಗಿ ಕಪ್ಪು ಮುದ್ದೆಯಾಗುತ್ತದೆ. ಕಡಿಮೆಯಾದರೆ ಕೊಂಬೇ ಕಾಣುವುದಿಲ್ಲ. ಕಾರಣ ಕಣ್ಣೆದುರಿಗಿದೆ, ಮುಂದಿನ ಪ್ರತಿಯಲ್ಲಿ ತಿದ್ದಿಕೊಳ್ಳಬಹುದು. ರಬ್ಬರಿನಿಂದ ಅಳಿಸಿ ಅಳಿಸಿ ಕಾಗದ ಹರಿಯುವ ಮಗುವಿಗೆ ಇದು ದೊಡ್ಡ ಬಿಡುಗಡೆ. ‘ನಂಗ ಚಿತ್ರ ಬರೂದಿಲ್ಲರಿ’ ಎನ್ನುವ ಮಗು ಅಡ್ಡ ಕೊಯ್ದ ಬೆಂಡೆಕಾಯಿ ಒತ್ತಿದರೂ ಐದು ಎಸಳಿನ ಹೂ ಅರಳುತ್ತದೆ.

ಇದು ಬರೀ ಠಸ್ಸೆ ಒತ್ತುವ ಆಟ, ಕಲೆಯಲ್ಲ ಎನ್ನುವವರಿದ್ದಾರೆ. ರವೀಂದ್ರನಾಥ ಠಾಕೂರರು ಬಂಗಾಳಿ ಮಕ್ಕಳಿಗೆಂದು ಬರೆದು 1930ರಲ್ಲಿ ಹೊರಬಂದ ‘ಸಹಜ ಪಾಠ’ಕ್ಕೆ ನಂದಲಾಲ ಬೋಸರು ಲಿನೋ ಅಚ್ಚಿನ ಚಿತ್ರಗಳನ್ನೇ ಕೊಟ್ಟರು, ಬೇಡದ್ದನ್ನು ಕೆತ್ತಿ ತೆಗೆದು ಬೇಕಾದ್ದಷ್ಟನ್ನೇ ಉಳಿಸುವ ಆ ಮಿತವ್ಯಯ ಎಳೆಯ ಕಣ್ಣಿಗೆ ಹೊಂದುತ್ತದೆ. ಕೆತ್ತುವ ಉಳಿ ಅಪಾಯ ಎಂಬುದು ನಿಜ. ಅದು ಪ್ರೌಢಶಾಲೆಗಿರಲಿ, ರಟ್ಟು, ಹುರಿ, ಎಲೆಗಳಿಗೆ ಕತ್ತರಿ ಸಾಕು, ತರಕಾರಿಯನ್ನು ಶಿಕ್ಷಕರೇ ಕೊಯ್ದು ಕೊಡಲಿ. ಇದಕ್ಕಿಂತ ಗಂಭೀರ ಆಕ್ಷೇಪ ಇನ್ನೊಂದು: ಅಕ್ಷರ ಕಲಿಯುತ್ತಿರುವ ಮಗುವಿಗೆ ತಿರುವುಮುರುವು ಅಕ್ಷರ ತೋರಿಸಿದರೆ ಗೊಂದಲವಾಗದೇ? ಆಗಬಹುದು. ಎಷ್ಟೋ ಮಕ್ಕಳು ಮೊದಮೊದಲು ಕನ್ನಡಿಯಲ್ಲಿ ಕಂಡಂತೆ ಬರೆಯುವುದುಂಟು. ಆದ್ದರಿಂದ ಒಂದು, ಎರಡನೆಯ ತರಗತಿಗೆ ಎಲೆ, ಬೆರಳು, ಕಾಯಿಗಳಷ್ಟೇ ಸಾಕು. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಅದೇ ತೊಡಕು ಪಾಠವಾಗುತ್ತದೆ: ‘ಠ’ ಮಗುಚಿದರೂ ಹೆಚ್ಚುಕಡಿಮೆ ಹಾಗೇ, ‘ಳ’ ಯಾಕೆ ಹಾಗಿಲ್ಲ? ಸಮಮಿತಿಯನ್ನು ಇದಕ್ಕಿಂತ ಚೆನ್ನಾಗಿ ಹೇಳಿಕೊಡುವುದು ಕಷ್ಟ.

ಚಿತ್ರಕಲಾ ಶಿಕ್ಷಕರೇ ಇಲ್ಲದ ಶಾಲೆಯಲ್ಲಿ ಯಾರು ಕಲಿಸಬೇಕು? ತರಗತಿಯ ಶಿಕ್ಷಕರೇ ಸಾಕು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಮೊಳೆತ ನಲಿ ಕಲಿ ಪದ್ಧತಿಯಲ್ಲಿ ಅವರು ಹೇಗೂ ಕಾರ್ಡುಗಳಿಂದಲೇ ಪಾಠ ನಡೆಸುತ್ತಾರೆ. ಆ ಕಾರ್ಡುಗಳ ಜೊತೆಗೆ ತಾಳಿಕೋಟೆಯ ಜೋಳದ ತೆನೆ, ತೊಗರಿ ಎಲೆಯ ಚಿತ್ರಗಳನ್ನು ಐದನೆಯ ತರಗತಿಯವರೇ ಒಂದು ಅಚ್ಚಿನಿಂದ ಮೂವತ್ತು ಪ್ರತಿ ತೆಗೆದು ಒಂದನೆಯ ತರಗತಿಗೆ ಕೊಡಬಹುದು. ತಗಲುವ ಖರ್ಚು ಒಂದು ಡಬ್ಬಿ ಬಣ್ಣ, ಒಂದಿಷ್ಟು ಅಂಟು.