ಹಿತ್ತಿಲ ಕೋಳಿಗೂಡು: ರಾತ್ರಿಯ ಭದ್ರತೆಗೆ ಮೊದಲ ಗಮನ

ತೋಟದ ಮನೆಗಳಲ್ಲಿ ಹತ್ತು ಹನ್ನೆರಡು ಕೋಳಿ ಸಾಕುವುದು ಹೊಸತೇನಲ್ಲ. ಮನೆಗೆ ಮೊಟ್ಟೆ, ಗಿಡಕ್ಕೆ ಗೊಬ್ಬರ, ಕೈಖರ್ಚಿಗೆ ನಾಲ್ಕು ಕಾಸು ಇದರಿಂದ ಸಿಗುತ್ತದೆ. ಆದರೆ "ಎಷ್ಟು ತಂದು ಬಿಟ್ಟರೂ ಉಳಿಯುವುದಿಲ್ಲ" ಎನ್ನುವ ಸದಸ್ಯರೇ ಹೆಚ್ಚು. ರೋಗದ ಮಾತು ಬೇರೆ. ಅದಕ್ಕೆ ಲಸಿಕೆಯಿದೆ, ಪಶುವೈದ್ಯರಿದ್ದಾರೆ. ರಾತ್ರಿ ಬರುವ ಕಳ್ಳರಿಗೆ ಮಾತ್ರ ಗೂಡೇ ಮದ್ದು.

ನನ್ನ ಮೊದಲ ಗೂಡು ಪೂರ್ತಿ ಅಡಿಕೆ ದಬ್ಬೆಯದು. ಹಸಿ ದಬ್ಬೆಯನ್ನು ಒತ್ತೊತ್ತಾಗಿ ಹೊಡೆಸಿದ್ದೆ. ಬೇಸಿಗೆ ಕಳೆಯುವಷ್ಟರಲ್ಲಿ ಅದು ಒಣಗಿ ಕುಗ್ಗಿ ನಡುನಡುವೆ ಎರಡು ಬೆರಳು ಸಂದು ಬಿತ್ತು, ಮೊಳೆಯೂ ಸಡಿಲವಾಯಿತು. ನೋಡಿದ್ದೆ, ನಾಳೆ ಸರಿಪಡಿಸಿದರಾಯಿತು ಎಂದುಕೊಂಡಿದ್ದೆ. ಆಷಾಢದ ಒಂದು ರಾತ್ರಿ ಮಳೆಯ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಬೆಳಿಗ್ಗೆ ನೋಡಿದರೆ ಒಂದು ದಬ್ಬೆ ಕಳಚಿತ್ತು, ಒಂಬತ್ತು ಹೇಂಟೆಗಳು ಸತ್ತು ಬಿದ್ದಿದ್ದವು. ತಿಂದಿದ್ದು ಒಂದನ್ನು ಮಾತ್ರ. ಕಬ್ಬೆಕ್ಕು, ಕಾಡುಬೆಕ್ಕುಗಳು ಇಕ್ಕಟ್ಟಿನಲ್ಲಿ ಕೋಳಿಗಳು ಗಾಬರಿಯಿಂದ ಹಾರಾಡುವುದನ್ನು ಕಂಡರೆ ಹಸಿವೆಯ ಲೆಕ್ಕವಿಲ್ಲದೆ ಕೊಲ್ಲುತ್ತವೆ.

ಆದ್ದರಿಂದ ದಬ್ಬೆಯನ್ನು ಆಧಾರಕ್ಕೆ ಬಳಸಿ, ಕಾವಲಿಗೆ ನಂಬಬೇಡಿ. ಅಂಗಡಿಯಲ್ಲಿ ಕೋಳಿಬಲೆ ಎಂದು ಮಾರುವ ಆರು ಮೂಲೆ ಕಣ್ಣಿನ ತೆಳು ತಂತಿಯೂ ಅಷ್ಟೆ. ಅದು ಕೋಳಿಯನ್ನು ಒಳಗಿಡುತ್ತದೆ, ನಾಯಿಯನ್ನು ಹೊರಗಿಡುವುದಿಲ್ಲ. ಹಲ್ಲು ಹಾಕಿ ಎಳೆದರೆ ಹರಿಯುತ್ತದೆ. ಬೇಕಾದದ್ದು ಅರ್ಧ ಅಂಗುಲ ಕಣ್ಣಿನ ವೆಲ್ಡ್ ಮೆಷ್. ಬೆಲೆ ಹೆಚ್ಚು, ನಿಜ. ಆದರೆ ಹೆಗ್ಗಣ, ಮುಂಗುಸಿ, ಹಾವು ಮೂರನ್ನೂ ತಡೆಯುವುದು ಇದೊಂದೇ. ಇದನ್ನು ಬರೀ ಮೊಳೆ ಬಗ್ಗಿಸಿ ನಿಲ್ಲಿಸದೆ, ಮೇಲೆ ರೀಪಿನ ಪಟ್ಟಿ ಕೊಟ್ಟು ಸ್ಕ್ರೂ ಹಾಕಿಸಿ.

ಹನ್ನೆರಡು ಕೋಳಿಗೆ 6 ಅಡಿ ಉದ್ದ, 5 ಅಡಿ ಅಗಲದ ಗೂಡು ಸಾಕು. ಉದ್ದದ ಬದಿ ಪೂರ್ವ-ಪಶ್ಚಿಮವಾಗಿರಲಿ. ಒಂದೂವರೆ ಅಡಿ ಎತ್ತರಕ್ಕೆ ಜಂಬಿಟ್ಟಿಗೆಯ ಪಂಚಾಂಗ ಹಾಕಿ ನೆಲಕ್ಕೆ ಸಿಮೆಂಟು ಬಳಿಸಿದರೆ ಕೊರೆದು ಬರುವವರ ದಾರಿ ಮುಚ್ಚಿದಂತೆ. ಮೇಲೆ ಮೂರು ನಾಲ್ಕು ಅಂಗುಲ ಒಣ ಕಾಫಿ ಹೊಟ್ಟು ಅಥವಾ ಮರದ ಹೊಟ್ಟು ಹರಡಿ. ಅದು ಒದ್ದೆಯಾದರೆ ರಕ್ತಭೇದಿ ರೋಗಕ್ಕೆ ಆಹ್ವಾನ ಕೊಟ್ಟಂತೆಯೇ. ನಮ್ಮ ಮಳೆಗೆ ಸೂರನ್ನು ಮೂರು ಅಡಿ ಮುಂದಕ್ಕೆ ಚಾಚಿಸಲೇಬೇಕು. ಎರಚಲಿಗೆ ಹೆದರಿ ಸುತ್ತಲೂ ಪ್ಲಾಸ್ಟಿಕ್ ಬಿಗಿಯುವವರಿದ್ದಾರೆ. ಹಾಗೆ ಮಾಡಿದರೆ ಹಿಕ್ಕೆಯ ಘಾಟು ಒಳಗೇ ನಿಂತು ಕೋಳಿಗೆ ಕಣ್ಣುರಿ, ಉಬ್ಬಸ. ಗೋಡೆಯ ಮೇಲ್ಭಾಗದ ಒಂದಡಿ ಸದಾ ಜಾಲರಿಯಾಗಿ ತೆರೆದಿರಲಿ.

ಮಾಡಿಗೆ ಹೆಂಚು ಹಾಕುವವರು ಅದರಡಿಗೂ ಜಾಲರಿ ಹೊಡೆಸಬೇಕು. ಕಬ್ಬೆಕ್ಕು ಹೆಂಚು ಸರಿಸಿ ಅಟ್ಟಕ್ಕೆ ಇಳಿಯುವುದನ್ನು ನೀವೆಲ್ಲ ಕಂಡವರೇ. ಬಾಗಿಲಿನ ಮೇಲೊಂದು ಕೆಳಗೊಂದು ಚಿಲಕ ಇರಲಿ. ಮಳೆಗಾಲದಲ್ಲಿ ಮರ ಉಬ್ಬಿ ಬಾಗಿಲು ಪೂರ್ತಿ ಕೂರುವುದಿಲ್ಲ. ಮೇಲಿನ ಚಿಲಕ ಬಿದ್ದರೂ ಕೆಳಗೆ ಸಂದು ಉಳಿಯುತ್ತದೆ. ಕತ್ತಲಾಗುವ ಮುನ್ನ ಕೋಳಿ ಎಣಿಸಿ ಬಾಗಿಲು ಹಾಕುವ ಕೆಲಸ ಮನೆಯಲ್ಲಿ ಒಬ್ಬರದ್ದೇ ಆಗಿರಲಿ. ಇಬ್ಬರದ್ದಾದರೆ ಯಾರೂ ಹಾಕಿರುವುದಿಲ್ಲ!

ಕೂರುವ ಮೆಟ್ಟಿಲಿಗೆ ಎರಡು ಅಂಗುಲ ಅಗಲದ, ಅಂಚು ಉಜ್ಜಿದ ರೀಪು ಒಳ್ಳೆಯದು. ಅಡಿಕೆ ದಬ್ಬೆಯ ಸಿಬಿರು ಚುಚ್ಚಿ ಪಾದ ಬಾಯುತ್ತದೆ. ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜದಂತಹ ಭಾರದ ತಳಿಗೆ ಮೆಟ್ಟಿಲು ಎರಡು ಅಡಿಗಿಂತ ಎತ್ತರ ಬೇಡ. ನಾಲ್ಕೈದು ಹೇಂಟೆಗೆ ಒಂದರಂತೆ ಒಂದಡಿ ಚೌಕದ ಮೊಟ್ಟೆಪೆಟ್ಟಿಗೆ ಸಾಕು.

ಹಗಲು ಓಡಾಡಲು ಗೂಡಿಗೆ ಹೊಂದಿಕೊಂಡು 12 ಅಡಿಗೆ 10 ಅಡಿ ಅಂಗಳ ಕಟ್ಟಿ. ಇಲ್ಲಿ ಬುಡದ ಎರಡು ಅಡಿಗೆ ಮಾತ್ರ ಗಟ್ಟಿ ಜಾಲರಿ, ಮೇಲಕ್ಕೆ ಸಾಧಾರಣ ಬಲೆ ನಡೆಯುತ್ತದೆ. ಬುಡದ ಜಾಲರಿಯನ್ನು ಇನ್ನೂ ಒಂದೂವರೆ ಅಡಿ ಹೊರಮುಖವಾಗಿ ನೆಲದ ಮೇಲೆ ಮಲಗಿಸಿ ಮಣ್ಣು, ಕಲ್ಲು ಹೇರಿ. ಬೇಲಿಯ ಬುಡದಲ್ಲೇ ಕೆರೆಯತೊಡಗುವ ನಾಯಿ, ನರಿಗೆ ಕಾಲಡಿಯಲ್ಲೇ ತಂತಿ ಸಿಗುತ್ತದೆ. ಹದ್ದು, ಗಿಡುಗಗಳಿಗಾಗಿ ಮೇಲೂ ಬಲೆ ಬೇಕು.

ಇಷ್ಟಾದರೂ ಒಮ್ಮೊಮ್ಮೆ ಹೆಬ್ಬಾವು ಬಾಗಿಲಲ್ಲೇ ನುಸುಳಿ, ಕೋಳಿ ನುಂಗಿ, ಹೊಟ್ಟೆ ಉಬ್ಬಿ ಹೊರಬರಲಾಗದೆ ಒಳಗೇ ಸುತ್ತಿಕೊಂಡಿರುತ್ತದೆ. ಹೊಡೆಯಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಅಪರಾಧ. ಅರಣ್ಯ ಇಲಾಖೆಗೆ ತಿಳಿಸಿ. ಕಬ್ಬೆಕ್ಕಿಗೆಂದು ವಿಷವಿಡುವುದೂ ಬೇಡ, ಮೊದಲು ಸಾಯುವುದು ಮನೆಯ ನಾಯಿ.

ಅಂಗಳದ ಜಾಗ ಆರಿಸುವಾಗ ಒಂದು ಎಚ್ಚರ. ಬೋರ್ಡೋ ದ್ರಾವಣ ಕಲಸುವ ಡ್ರಮ್ಮಿನ ಹತ್ತಿರ, ಸಿಂಪರಣೆಯ ನೀರು ತೊಟ್ಟಿಕ್ಕುವ ಅಡಿಕೆ ಮರದ ಕೆಳಗೆ ಬೇಡ. ಮೈಲುತುತ್ತ ಬೆರೆತ ಹೊಂಡದ ನೀರು ಕೋಳಿಗೆ ವಿಷ. ಸಿಂಪರಣೆಯ ದಿನ ಅಂಗಳದ ಬಾಗಿಲು ತೆಗೆಯದೆ ಗೂಡಿನಲ್ಲೇ ನೀರು, ಕಾಳು ಕೊಡಿ.