ಪರೀಕ್ಷೆಯ ಕಾಫಿ, ಕಳೆದುಹೋಗುವ ನಿದ್ದೆ

ಪರೀಕ್ಷೆ ಹತ್ತಿರ ಬಂತೆಂದರೆ ಅನೇಕ ಮನೆಗಳಲ್ಲಿ ರಾತ್ರಿ ಹತ್ತಕ್ಕೆ ಮತ್ತೊಮ್ಮೆ ಡಿಕಾಕ್ಷನ್ ಇಳಿಯುತ್ತದೆ. ಓದುವ ಮಕ್ಕಳು ತೂಕಡಿಸದಿರಲಿ ಎಂಬುದು ಹೆತ್ತವರ ಕಾಳಜಿ. ಆದರೆ ಕಾಫಿ ಮಾಡುವುದು ನಿದ್ದೆಯನ್ನು ಮುಂದೂಡುವ ಕೆಲಸವನ್ನಷ್ಟೆ.

ಇದಕ್ಕೆ ಕಾರಣ ಕಾಫಿ ಬೀಜದಲ್ಲಿ ಸಹಜವಾಗಿಯೇ ಇರುವ ಕೆಫೀನ್. ಜರ್ಮನಿಯ ರಸಾಯನ ವಿಜ್ಞಾನಿ ರುಂಗೆ 1819ರಲ್ಲಿ ಇದನ್ನು ಬೇರ್ಪಡಿಸಿದರು. ಮನುಷ್ಯ ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಹೆಚ್ಚುತ್ತಾ ಹೋಗಿ ನಿದ್ದೆಯ ಸೂಚನೆ ಕೊಡುತ್ತದೆ. ಅದು ಸೇರಬೇಕಾದ ಜಾಗದಲ್ಲಿ ಕೆಫೀನ್ ಹೋಗಿ ಕುಳಿತು ಆ ಸೂಚನೆಯನ್ನು ತಡೆಯುತ್ತದೆ. ದಣಿವು ಮಾತ್ರ ಹಾಗೆಯೇ ಉಳಿದಿರುತ್ತದೆ.

ವಯಸ್ಕರ ದೇಹದಲ್ಲಿ ಕೆಫೀನಿನ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ರಾತ್ರಿ 10ಕ್ಕೆ ಕುಡಿದದ್ದರಲ್ಲಿ ಅರ್ಧದಷ್ಟು ನಸುಕಿನ 3ಕ್ಕೂ ಉಳಿದಿರುತ್ತದೆ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗಲು ಒಳ್ಳೆಯ ನಿದ್ದೆಯೇ ಬೇಕು. ಅದನ್ನು ಕೆಡಿಸಿಕೊಂಡು ಓದಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು.

ಹಾಗೆಂದು ಕಾಫಿ ವಿಷವೇನಲ್ಲ. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿರುವಂತೆ, ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ ಕೆಫೀನ್ ತೊಂದರೆ ಮಾಡದು. ಮಕ್ಕಳಿಗೆ ಈ ಮಿತಿ ದೇಹದ ತೂಕದ ಪ್ರತಿ ಕಿಲೋಗೆ 3 ಮಿಲಿಗ್ರಾಂ. ಅಂದರೆ 40 ಕಿಲೋ ತೂಗುವ ವಿದ್ಯಾರ್ಥಿಗೆ 120 ಮಿಲಿಗ್ರಾಂ. ಚಹಾ, ಕೋಲಾ, ಎನರ್ಜಿ ಡ್ರಿಂಕ್‌ಗಳಲ್ಲಿರುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಅರೇಬಿಕಾಗಿಂತ ರೊಬಸ್ಟಾ ಬೀಜದಲ್ಲಿ ಕೆಫೀನ್ ಸುಮಾರು ಎರಡು ಪಟ್ಟು. ಪುಡಿಗೆ ಬೆರೆಸುವ ಚಿಕೋರಿಯಲ್ಲಿ ಅದು ಇಲ್ಲವೇ ಇಲ್ಲ.

ಬೆಳಗಿನ ಒಂದು ಲೋಟ ಕಾಫಿ ಇರಲಿ. ಸಂಜೆಯ ನಂತರ ಫಿಲ್ಟರ್ ತೊಳೆದಿಟ್ಟು, ಹೊತ್ತಿಗೆ ಸರಿಯಾಗಿ ದೀಪ ಆರಿಸುವುದೂ ಪರೀಕ್ಷೆಯ ಸಿದ್ಧತೆಯೇ.