ಸ್ಕೂಟರಿನ ಬೆಲೆಯ ಮೀನು, ಆತುರಕ್ಕೆ ಬಲಿ!

ಅಂಗೈಯಗಲದ ಮೀನು. ಮೈಯೆಲ್ಲ ಕಪ್ಪು. ಆ ಕಪ್ಪಿನ ಮೇಲೆ ಎಳ್ಳು ಚೆಲ್ಲಿದ ಹಾಗೆ ಬಿಳಿ ಚುಕ್ಕೆ. ಬಾಲ ಮಾತ್ರ ಹಳದಿ. ಹೆಸರು ಜೆಮ್ ಟ್ಯಾಂಗ್. ವಿದೇಶದ ಪೇಟೆಯಲ್ಲಿ ಇದರ ಬೆಲೆ ಸಾವಿರ ಡಾಲರು ದಾಟಿದ್ದುಂಟು. ನಮ್ಮ ದುಡ್ಡಿನಲ್ಲಿ ಒಂದು ಸ್ಕೂಟರು ಬಂತು ಅನ್ನಿ!

ಸ್ಕೂಟರು ಕೆಟ್ಟರೆ ಗ್ಯಾರೇಜಿಗೆ ತಳ್ಳಿಕೊಂಡು ಹೋಗಬಹುದು. ಈ ಮೀನು ಕೆಟ್ಟ ನೀರಿಗೆ ಬಿದ್ದರೆ ನಾಲ್ಕು ದಿನದಲ್ಲಿ ಕತೆ ಮುಗಿಯಬಹುದು. ತಪ್ಪು ಮೀನಿನದಲ್ಲ, ದುಡ್ಡು ಎಣಿಸಿಕೊಟ್ಟವರ ಆತುರದ್ದು.

ಎಲ್ಲಿಯ ಮೀನು ಇದು?

1835ರಲ್ಲೇ ಫ್ರಾನ್ಸಿನ ವಿಜ್ಞಾನಿ ವಲೆನ್ಸಿಯೆನ್ ಇದಕ್ಕೆ ಶಾಸ್ತ್ರದ ಹೆಸರು ಕೊಟ್ಟ. ಮಾರಿಷಸ್, ರಿಯೂನಿಯನ್, ಮಡಗಾಸ್ಕರ್, ಮೊಜಾಂಬಿಕ್, ದಕ್ಷಿಣ ಆಫ್ರಿಕಾ, ಇಷ್ಟೇ ಇದರ ಸೀಮೆ. ನೀರಿನಲ್ಲಿ 10 ಮೀಟರಿನಿಂದ 60 ಮೀಟರಿನಷ್ಟು ಆಳದವರೆಗೆ ಇದರ ವಾಸ. ಅಷ್ಟು ಆಳಕ್ಕೆ ಮುಳುಗುಗಾರರು ಇಳಿಯಬೇಕು. ಹಿಡಿದದ್ದನ್ನು ಚೀಲದಲ್ಲಿ ಆಮ್ಲಜನಕ ತುಂಬಿ ವಿಮಾನ ಹತ್ತಿಸಬೇಕು. ಬೆಲೆ ಏರದೆ ಇನ್ನೇನಾದೀತು?

ಟ್ಯಾಂಗ್ ಜಾತಿಗೆ ಸರ್ಜನ್ ಮೀನು ಎಂದೂ ಹೆಸರು. ಬಾಲದ ಬುಡದಲ್ಲಿ ಎರಡೂ ಕಡೆ ಚೂರಿಯಂಥ ಮುಳ್ಳು. ಬರಿಗೈಯಲ್ಲಿ ಹಿಡಿಯಲು ಹೋದರೆ ರಕ್ತ ಬಂತೆಂದೇ ಲೆಕ್ಕ. ಬಲೆ ಹಾಕಿದರೆ ಮುಳ್ಳು ಅದಕ್ಕೇ ಸಿಕ್ಕಿಕೊಳ್ಳುತ್ತದೆ. ಬಲ್ಲವರು ಪ್ಲಾಸ್ಟಿಕ್ ಡಬ್ಬಿಯಲ್ಲೇ ಎತ್ತುತ್ತಾರೆ.

ಉಪ್ಪಿನ ಲೆಕ್ಕ

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಪೂರ್ತಿ ಬೆಳೆದರೆ 22 ಸೆಂಟಿಮೀಟರ್ ಆಗುವ ಈ ಮೀನಿಗೆ ಆರು ಅಡಿ ಉದ್ದದ, 500 ಲೀಟರಿನ ತೊಟ್ಟಿಯಾದರೂ ಬೇಕು. ಅಂದರೆ ಒಂದೇ ಸಲಕ್ಕೆ ಹದಿನೇಳೂವರೆ ಕಿಲೋ ಉಪ್ಪು! ಅದೂ ಅಡುಗೆ ಉಪ್ಪಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಬೆರೆತ ಅಕ್ವೇರಿಯಂ ಉಪ್ಪು. ನಲ್ಲಿ ನೀರೂ ಆಗದು, ಶುದ್ಧ ಮಾಡಿದ ಆರ್‌ಓ ನೀರೇ ಆಗಬೇಕು.

ಹೊಸಬರು ಎಡವುವುದು ಇನ್ನೊಂದು ಕಡೆ. ತೊಟ್ಟಿಯ ನೀರು ಆವಿಯಾಗಿ ಇಳಿದಾಗ ಉಪ್ಪು ನೀರನ್ನೇ ಸುರಿಯುತ್ತಾರೆ. ಆವಿಯಾಗುವುದು ನೀರು ಮಾತ್ರ ಸ್ವಾಮಿ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ! ಹಾಗಾಗಿ ಇಳಿದಷ್ಟಕ್ಕೆ ಸಿಹಿನೀರೇ ಹಾಕಬೇಕು. ಹಳೇ ನೀರು ತೆಗೆದು ಹೊಸದು ತುಂಬುವಾಗ ಮಾತ್ರ ಉಪ್ಪು ನೀರು.

ಮೊದಲು ತಾಳ್ಮೆ, ಆಮೇಲೆ ಮೀನು

ಹೊಸ ತೊಟ್ಟಿಗೆ ಅವತ್ತೇ ಮೀನು ಬಿಡುವ ಹಾಗಿಲ್ಲ. ಮೀನಿನ ಹೊಲಸಿನಿಂದ ಏಳುವ ಅಮೋನಿಯಾ ವಿಷ. ಅದನ್ನು ಅರಗಿಸುವ ಬ್ಯಾಕ್ಟೀರಿಯಾ ಕಲ್ಲು ಮರಳಿನಲ್ಲಿ ನೆಲೆಸಲು ನಾಲ್ಕರಿಂದ ಆರು ವಾರ ಬೇಕು. ದುಬಾರಿ ಟ್ಯಾಂಗ್ ಬಿಡಲು ಬಲ್ಲವರು ಇನ್ನೂ ಕೆಲವು ತಿಂಗಳು ಕಾಯುತ್ತಾರೆ.

ಕ್ವಾರಂಟೈನ್ ಅನ್ನೋ ಮಾತನ್ನು 2020ರಲ್ಲಿ ಊರೆಲ್ಲ ಕಲಿತಿತು. ಮೀನು ಸಾಕುವವರಿಗೆ ಅದು ಹಳೇ ಪಾಠ. ಟ್ಯಾಂಗ್ ಜಾತಿಗೆ ಬಿಳಿ ಚುಕ್ಕೆ ರೋಗ ಬೇಗ ಅಂಟುತ್ತದೆ. ಪರಾವಲಂಬಿ ಜೀವಿ ಮೈಮೇಲೆ ಕೆಲವು ದಿನ ಕೂತು, ಉದುರಿ, ತಳದಲ್ಲಿ ಗೂಡು ಕಟ್ಟಿ, ಒಂದು ನೂರಾರಾಗಿ ಮತ್ತೆ ಮೇಲೇಳುತ್ತದೆ. ಜೆಮ್ ಟ್ಯಾಂಗಿಗೆ ಹುಟ್ಟಾ ಬಿಳಿ ಚುಕ್ಕೆ. ರೋಗದ ಚುಕ್ಕೆ ಯಾವುದು, ಸೃಷ್ಟಿಯದ್ದು ಯಾವುದು ಅಂತ ತಿಳಿಯುವುದೇ ಕಷ್ಟ! ಏದುಸಿರು ಬಿಡುತ್ತಿದೆಯೇ, ಕಲ್ಲಿಗೆ ಮೈ ಉಜ್ಜುತ್ತಿದೆಯೇ, ಮೇವು ಬಿಟ್ಟಿದೆಯೇ ಎಂದು ನೋಡಬೇಕು.

ಇದಕ್ಕೇ ಹೊಸ ಮೀನನ್ನು ನಾಲ್ಕರಿಂದ ಆರು ವಾರ ಬೇರೆ ತೊಟ್ಟಿಯಲ್ಲಿಡುವುದು. ತಾಮ್ರದ ಔಷಧಿ ಕೊಡುವುದೂ ಅಲ್ಲೇ. ದೊಡ್ಡ ತೊಟ್ಟಿಗೆ ತಾಮ್ರ ಹಾಕಿದರೆ ಸೀಗಡಿ, ಹವಳ ಎಲ್ಲ ಸಾಯುತ್ತವೆ. ರೋಗ ದೊಡ್ಡ ತೊಟ್ಟಿಗೇ ಹೊಕ್ಕಿತೋ, ಸುಮಾರು ಎರಡೂವರೆ ತಿಂಗಳು ಅದನ್ನು ಮೀನಿಲ್ಲದೆ ಖಾಲಿ ಬಿಡಬೇಕು.

ಮೇವು, ಜಗಳ, ಕರೆಂಟು

ಸಮುದ್ರದಲ್ಲಿ ಇದು ಇಡೀ ದಿನ ಕಲ್ಲಿನ ಪಾಚಿ ಮೇಯುತ್ತದೆ. ಮನೆಯಲ್ಲಿ ಒಣಗಿಸಿದ ಕಡಲಪಾಚಿಯ ಹಾಳೆಯನ್ನು ಕ್ಲಿಪ್ಪಿಗೆ ಸಿಕ್ಕಿಸಿ ಗಾಜಿಗೆ ಅಂಟಿಸುತ್ತಾರೆ. ಬರೀ ಸೀಗಡಿ ತಿನ್ನಿಸಿ ಸಾಕುತ್ತೇನೆಂದರೆ ನಡೆಯದು.

ತೊಟ್ಟಿಯಲ್ಲಿ ಮೊದಲೇ ಹಳದಿ ಟ್ಯಾಂಗ್ ಇದ್ದರೆ ಹೊಸಬನಿಗೆ ಏಟು ಗ್ಯಾರಂಟಿ. ಒಂದೇ ಆಕಾರ, ಒಂದೇ ಮೇವು. ಹಳೇ ಬಾಡಿಗೆದಾರ ಜಾಗ ಬಿಟ್ಟುಕೊಡುತ್ತಾನೆಯೇ? ತೂತುಗಳಿರುವ ಡಬ್ಬಿಯಲ್ಲಿ ಕೆಲವು ದಿನ ಒಳಗೇ ಇಟ್ಟು ಮುಖ ಪರಿಚಯ ಮಾಡಿಸಿದರೆ ಜಗಳ ತಗ್ಗೀತು.

ನಮ್ಮ ಕಡೆ ಇನ್ನೊಂದು ಶನಿ ಕರೆಂಟು. ಪಂಪು ನಿಂತರೆ ನೀರಿನ ಓಟ ನಿಂತಿತು, ಆಮ್ಲಜನಕ ಇಳಿಯಿತು. ಟ್ಯಾಂಗ್‌ಗೆ ಬೇಗ ಉಸಿರು ಕಟ್ಟುತ್ತದೆ. ಬ್ಯಾಟರಿಯ ಏರ್ ಪಂಪು ಇಲ್ಲದ ಮನೆಗೆ ಈ ಮೀನು ಬೇಡವೇ ಬೇಡ.

ಕಾನೂನೂ ಇದೆ

ಅಂದಕ್ಕೆಂದು ನಮ್ಮ ಕಡಲಿನ ಹವಳ ತಂದು ತೊಟ್ಟಿಗಿಡುವ ಹಾಗಿಲ್ಲ. 2001ರಲ್ಲಿ ಹವಳಗಳನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. ಹುಲಿ ಇರುವ ಪಟ್ಟಿ ಅದು.

ತೊಟ್ಟಿಯಲ್ಲೇ ಹುಟ್ಟಿದ ಮರಿ

ಟ್ಯಾಂಗ್ ಮರಿ ಮಾಡಿಸುವುದು ಬಹುಕಾಲ ಯಾರ ಕೈಗೂ ಹತ್ತಲಿಲ್ಲ. ಮರಿಯ ಬಾಯಿ ಎಷ್ಟು ಚಿಕ್ಕದೆಂದರೆ ಅದಕ್ಕೆ ತಕ್ಕ ಸೂಕ್ಷ್ಮ ಆಹಾರ ಬೆಳೆಸುವುದೇ ದೊಡ್ಡ ಸಾಹಸ. 2015ರಲ್ಲಿ ಹವಾಯಿಯ ಓಷಿಯಾನಿಕ್ ಇನ್‌ಸ್ಟಿಟ್ಯೂಟ್ ಹಳದಿ ಟ್ಯಾಂಗ್ ಮರಿಗಳನ್ನು ಬೆಳೆಸಿತು. 2016ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ನೀಲಿ ಟ್ಯಾಂಗ್ ಬೆಳೆಯಿತು. ಆಮೇಲೆ ಬಾಲಿಯಲ್ಲಿ ಜೆಮ್ ಟ್ಯಾಂಗ್ ಸರದಿಯೂ ಬಂತು.

ಇಂಥ ಮರಿ ಚಿಕ್ಕಂದಿನಿಂದ ಮನುಷ್ಯ ಕೊಟ್ಟ ಮೇವು ತಿಂದು ಬೆಳೆದದ್ದು. ಸಮುದ್ರದ ಲೆಕ್ಕದಲ್ಲಿ ಒಂದು ಮೀನೂ ಕಡಿಮೆಯಾಗುವುದಿಲ್ಲ. ಸಾಕಲೇಬೇಕೆಂಬ ಹಟದವರು ಅಂಗಡಿಯಲ್ಲಿ ಮೂರು ಮಾತು ಕೇಳಲಿ: ಇದು ಹಿಡಿದದ್ದೋ, ಹುಟ್ಟಿಸಿದ್ದೋ? ಬಂದು ಎಷ್ಟು ದಿನವಾಯಿತು? ಈಗ ಕಣ್ಣೆದುರಿಗೆ ಮೇವು ತಿನ್ನುತ್ತದೆಯೋ? ಅಂಗಡಿಯವರು ತಡವರಿಸಿದರೆ ದುಡ್ಡು ಜೇಬಿನಲ್ಲೇ ಇರಲಿ.